ಜನರಲ್ ಕೆ.ಎಸ್. ತಿಮ್ಮಯ್ಯ (1906–1965)

ಜನನ ಮತ್ತು ವಿದ್ಯಾಭ್ಯಾಸ
ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ಕೂನೂರು, ಬೆಂಗಳೂರು ಹಾಗೂ ಡೆಹ್ರಾಡೂನ್‌ಗಳಲ್ಲಿ ವ್ಯಾಸಂಗ ಮಾಡಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ತರಬೇತಿ ಹೊಂದಿ 1926ರಲ್ಲಿ ಸೇನಾಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗದಲ್ಲಿ ಸೇವೆ ಸಲ್ಲಿಸಿದರು.

ಲೇಹ್ ರಕ್ಷಣೆ
ಲಡಾಖಿನ ಮುಖ್ಯ ಪಟ್ಟಣವಾದ ಲೇಹ್ ಸಮುದ್ರಮಟ್ಟದಿಂದ ಸುಮಾರು 11,500 ಅಡಿ ಎತ್ತರದಲ್ಲಿದೆ. ಹೆಮಿಸ್, ಥಿಕ್ಸೆ ಮುಂತಾದ ಪ್ರಾಚೀನ ಬೌದ್ಧ ವಿಹಾರಗಳು ಇದರ ಸಮೀಪದ ಸಿಂಧೂ ಕಣಿವೆಯಲ್ಲಿವೆ. 1948ರ ಮೇ ತಿಂಗಳಿನಲ್ಲಿ ಕಾರ್ಗಿಲ್ ಆಕ್ರಮಣಕಾರರ ವಶವಾಗಿ, ಶ್ರೀನಗರದಿಂದ ಲೇಹ್‌ಗೆ ಹೋಗುವ ಮಾರ್ಗವು ಕಡಿದುಹೋಯಿತು. ಪಟ್ಟಣದಲ್ಲಿ ಇದ್ದುದು ಸಣ್ಣ ಸೇನಾ ತುಕಡಿ ಮಾತ್ರ. ನೆರವು ಬಾರದಿದ್ದಲ್ಲಿ ಲೇಹ್ ಕೈತಪ್ಪುವ ಸಂಭವವಿತ್ತು.

ಆಗ ಮೇಜರ್ ಜನರಲ್ ಆಗಿ ಕಾಶ್ಮೀರದಲ್ಲಿ ಸೇನಾ ವಿಭಾಗದ ಹೊಣೆ ಹೊತ್ತಿದ್ದ ತಿಮ್ಮಯ್ಯನವರು ವಾಯುಮಾರ್ಗವನ್ನು ಆಯ್ದುಕೊಂಡರು. ಲೇಹ್‌ನಲ್ಲಿ ಇಂಜಿನಿಯರ್ ಸೋನಮ್ ನೊರ್ಬು ಅವರು ಸ್ಥಳೀಯರ ಶ್ರಮದಿಂದ ತಾತ್ಕಾಲಿಕ ವಿಮಾನದಾಣವನ್ನು ಸಿದ್ಧಪಡಿಸಿದ್ದರು. ಆದರೆ ಅಲ್ಲಿ ಅದುವರೆಗೆ ಯಾವ ವಿಮಾನವೂ ಇಳಿದಿರಲಿಲ್ಲ. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ನಡೆಸಿದ ಡಕೋಟಾ ವಿಮಾನದಲ್ಲಿ ಸ್ವತಃ ತಿಮ್ಮಯ್ಯನವರೇ ಪ್ರಯಾಣಿಸಿದರು. ಆ ಬಗೆಯ ವಿಮಾನವು ಹಿಮಾಲಯದ ಶಿಖರಗಳ ಎತ್ತರಕ್ಕೆ ತಕ್ಕುದಾಗಿರಲಿಲ್ಲ. ಸೈನಿಕರನ್ನು ಕಳುಹಿಸುವ ಮೊದಲು ಅಪಾಯವನ್ನು ತಾವೇ ಎದುರಿಸಿದ್ದು ಅವರ ನಾಯಕತ್ವದ ವೈಶಿಷ್ಟ್ಯವಾಗಿದೆ. ತರುವಾಯ ಗೂರ್ಖಾ ಯೋಧರನ್ನು ವಿಮಾನಗಳಲ್ಲಿ ಸಾಗಿಸಲಾಗಿ, ಲೇಹ್ ಉಳಿಯಿತು.

ಭೂಮಾರ್ಗವನ್ನು ತೆರೆಯಲು, ಬಿಡಿಭಾಗಗಳನ್ನು ಕಳಚಿದ ಲಘು ಟ್ಯಾಂಕುಗಳನ್ನು ಜಮ್ಮುವಿನಿಂದ ಗುಟ್ಟಾಗಿ ತರಿಸಲಾಯಿತು. ನವೆಂಬರ್ 1ರಂದು ಹಿಮಾವೃತವಾದ ಝೋಜಿ ಲಾ ಕಣಿವೆಮಾರ್ಗದಲ್ಲಿ ಅವು ಕಾಣಿಸಿಕೊಂಡಾಗ ಶತ್ರುಗಳು ಹಿಮ್ಮೆಟ್ಟಿದರು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳ ಬಳಕೆಯನ್ನು ಅವರು ನಿರೀಕ್ಷಿಸಿರಲಿಲ್ಲ. ಅದೇ ತಿಂಗಳಿನಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಮರಳಿ ವಶವಾಗಿ, ಲೇಹ್ ಮಾರ್ಗವು ಪುನಃ ತೆರೆಯಿತು.

ನಂತರದ ಸೇವೆ
ಕೊರಿಯಾ ಯುದ್ಧದ ಬಳಿಕ 1953ರಲ್ಲಿ ಯುದ್ಧಕೈದಿಗಳ ಮರಳಿಕೆಗಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. 1954ರಲ್ಲಿ ಪದ್ಮಭೂಷಣ ಪ್ರಶಸ್ತಿ ಲಭಿಸಿತು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗ 1965ರ ಡಿಸೆಂಬರ್ 18ರಂದು ನಿಧನ ಹೊಂದಿದರು. ಬೆಂಗಳೂರಿನಲ್ಲಿ ಅಂತ್ಯಕ್ರಿಯೆ ನೆರವೇರಿತು.

ಸ್ಮಾರಕ
ಮಡಿಕೇರಿಯಲ್ಲಿರುವ ಅವರ ಮನೆ ಸನ್ನಿ ಸೈಡ್, ಬಹುಕಾಲ ಪ್ರಾದೇಶಿಕ ಸಾರಿಗೆ ಕಚೇರಿಯಾಗಿತ್ತು. ಈ ಕಟ್ಟಡವನ್ನು ವಸ್ತುಸಂಗ್ರಹಾಲಯವನ್ನಾಗಿ ಮಾರ್ಪಡಿಸಿ, 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ಶ್ರೀ ರಾಮನಾಥ ಕೋವಿಂದ್ ಅವರಿಂದ ಉದ್ಘಾಟಿಸಲಾಯಿತು.