ಕೈ ತೊಳೆಯುವ ಪಾಠ: ಇಗ್ನಾಜ್ ಸೆಮ್ಮೆಲ್‌ವೈಸ್ ಅವರ ಬದುಕು

ಕೈ ತೊಳೆದರೆ ಸೋಂಕು ತಡೆಯಬಹುದು ಎಂಬುದು ಇಂದು ಪ್ರಾಥಮಿಕ ಶಾಲೆಯ ಮಗುವಿಗೂ ಗೊತ್ತು. ಇದನ್ನು ಅಂಕಿಅಂಶಗಳ ಬಲದಿಂದ ತೋರಿಸಿಕೊಟ್ಟ ವೈದ್ಯರ ಮಾತನ್ನು ಅವರ ಕಾಲದ ವಿಶ್ವವಿದ್ಯಾಲಯಗಳು ಒಪ್ಪಲಿಲ್ಲ. ಆರೋಗ್ಯ ಶಿಕ್ಷಣದ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕಾದ ಬದುಕು ಅದು.

ಇಗ್ನಾಜ್ ಸೆಮ್ಮೆಲ್‌ವೈಸ್ 1818ರ ಜುಲೈ 1ರಂದು ಹಂಗೇರಿಯ ಬುಡಾ ನಗರದಲ್ಲಿ ದಿನಸಿ ವ್ಯಾಪಾರಿಯೊಬ್ಬರ ಮಗನಾಗಿ ಹುಟ್ಟಿದರು. ಕಾನೂನು ಓದಲೆಂದು ವಿಯೆನ್ನಾಕ್ಕೆ ಹೋದವರು ವೈದ್ಯಶಾಸ್ತ್ರಕ್ಕೆ ಹೊರಳಿ 1844ರಲ್ಲಿ ಪದವಿ ಪಡೆದರು. 1846ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ ಪ್ರಾಧ್ಯಾಪಕ ಕ್ಲೈನ್ ಅವರ ಸಹಾಯಕರಾದರು.

ಆ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಮೊದಲನೆಯ ವಿಭಾಗದ 4,010 ಹೆರಿಗೆಗಳಲ್ಲಿ 459 ತಾಯಂದಿರು ಸತ್ತರು. ಎರಡನೆಯದರ 3,754 ಹೆರಿಗೆಗಳಲ್ಲಿ ಸತ್ತವರು 105. ಮುಖ್ಯ ಕಾರಣ ಬಾಣಂತಿ ಜ್ವರ. ಈ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಗರ್ಭಿಣಿಯರು ಅಂಗಲಾಚುತ್ತಿದ್ದರು.

ಸೆಮ್ಮೆಲ್‌ವೈಸ್ ಒಂದೊಂದೇ ಕಾರಣವನ್ನು ಪರೀಕ್ಷಿಸಿ ಕೈಬಿಡುತ್ತ ಹೋದರು. ಕೆಟ್ಟ ಗಾಳಿ ಕಾರಣವಾಗಿದ್ದರೆ ಎರಡೂ ವಿಭಾಗಗಳಿಗೆ ಒಂದೇ ಗಾಳಿ. ಜನದಟ್ಟಣೆ ಎನ್ನೋಣವೆಂದರೆ ಎರಡನೆಯದರಲ್ಲೇ ಹೆಚ್ಚು ದಟ್ಟಣೆ. ಹೆರಿಗೆಯ ಹೊತ್ತಿನ ಮಲಗುವ ಭಂಗಿಯನ್ನು ಬದಲಿಸಿದರು. ಸಾಯುವವರ ಬಳಿ ಬರುವ ಪಾದ್ರಿಯ ಗಂಟೆಯನ್ನೂ ನಿಲ್ಲಿಸಿ ನೋಡಿದರು. ಸಾವು ನಿಲ್ಲಲಿಲ್ಲ. ಆಸ್ಪತ್ರೆ ತಲುಪುವ ಮೊದಲೇ ಬೀದಿಯಲ್ಲಿ ಹೆತ್ತವರಿಗೆ ಈ ಜ್ವರ ಅಪರೂಪ ಎಂಬುದೂ ಅವರ ಗಮನಕ್ಕೆ ಬಂತು.

1847ರ ಮಾರ್ಚಿಯಲ್ಲಿ ಅವರು ವೆನಿಸ್‌ಗೆ ಹೋಗಿ ಬರುವಷ್ಟರಲ್ಲಿ ಗೆಳೆಯ ಯಾಕೋಬ್ ಕೊಲೆಚ್ಕಾ ತೀರಿಕೊಂಡಿದ್ದರು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಾಗಿ ಅವರಿಗೆ ಗಾಯವಾಗಿತ್ತು. ಅವರ ದೇಹದಲ್ಲಿ ಕಂಡ ಬದಲಾವಣೆಗಳು ಬಾಣಂತಿ ಜ್ವರದಲ್ಲಿ ಕಾಣುವಂಥವೇ. ಒಗಟು ಬಿಡಿಸಿಕೊಂಡಿತು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ವೈದ್ಯರೂ ವಿದ್ಯಾರ್ಥಿಗಳೂ ಶವಪರೀಕ್ಷೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸಾವನ್ನು ಹೊತ್ತು ತರುತ್ತಿದ್ದುದು ಕಲಿಯುವವರ, ಕಲಿಸುವವರ ಕೈಗಳೇ.

ಮೇ ತಿಂಗಳಿನಿಂದ ವಿಭಾಗದ ಒಳಗೆ ಬರುವ ಪ್ರತಿಯೊಬ್ಬರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂಬ ನಿಯಮ ತಂದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಅಕ್ಟೋಬರ್‌ನಲ್ಲಿ ಗರ್ಭಕೋಶದ ಕ್ಯಾನ್ಸರ್ ಇದ್ದ ಒಬ್ಬಾಕೆಯನ್ನು ಪರೀಕ್ಷಿಸಿದ ಕೈಗಳು ಉಳಿದವರನ್ನು ಮುಟ್ಟಿದಾಗ ಮತ್ತೆ ಹಲವರು ಸತ್ತರು. ಜೀವಂತ ರೋಗಿಯಿಂದಲೂ ನಂಜು ದಾಟುತ್ತದೆಂದು ಅರಿತು, ಒಬ್ಬರನ್ನು ಪರೀಕ್ಷಿಸಿ ಇನ್ನೊಬ್ಬರನ್ನು ಮುಟ್ಟುವ ಮುನ್ನ ಕೈ ತೊಳೆಯಬೇಕೆಂದು ನಿಯಮ ಬಿಗಿಗೊಳಿಸಿದರು. 1848ರ ಎರಡು ತಿಂಗಳುಗಳಲ್ಲಿ ಆ ವಿಭಾಗದಲ್ಲಿ ಒಂದು ಸಾವೂ ಆಗಲಿಲ್ಲ.

ಆದರೂ ವಿರೋಧ ಬೆಳೆಯಿತು. ರೋಗಾಣುಗಳ ಅರಿವು ಆಗಿನ್ನೂ ಮೂಡಿರಲಿಲ್ಲ. ತಮ್ಮ ಕೈಗಳೇ ಕಾರಣ ಎಂಬುದು ಅನೇಕ ವೈದ್ಯರಿಗೆ ಆರೋಪದಂತೆ ಕೇಳಿಸಿತು. ಸೆಮ್ಮೆಲ್‌ವೈಸ್ ತಾವಾಗಿ ವಿವರಿಸಿ ಬರೆಯಲು ಹಿಂಜರಿದರು. ಗೆಳೆಯರು ಬರೆದುದನ್ನು ಓದಿದ ಕೆಲವರು ಇದನ್ನು ಶವಕ್ಕೆ ಮಾತ್ರ ಸಂಬಂಧಿಸಿದ ಸಂಗತಿ ಎಂದು ತಪ್ಪಾಗಿ ತಿಳಿದರು. 1849ರಲ್ಲಿ ಅವರ ಹುದ್ದೆ ಮುಂದುವರಿಯಲಿಲ್ಲ. 1850ರಲ್ಲಿ ಸಿಕ್ಕ ಉಪನ್ಯಾಸಕ ಹುದ್ದೆಯಲ್ಲಿ ಗೊಂಬೆಯ ಮೇಲೆ ಮಾತ್ರ ಕಲಿಸಬಹುದೆಂಬ ನಿರ್ಬಂಧವಿತ್ತು. ಕೆಲವೇ ದಿನಗಳಲ್ಲಿ ಅವರು ವಿಯೆನ್ನಾ ಬಿಟ್ಟು ಪೆಸ್ಟ್ ನಗರಕ್ಕೆ ಹೊರಟುಹೋದರು.

ಅಲ್ಲಿನ ಸೇಂಟ್ ರೋಕಸ್ ಆಸ್ಪತ್ರೆಯಲ್ಲಿ 1851ರಿಂದ 1857ರವರೆಗೆ ನಡೆದ 933 ಹೆರಿಗೆಗಳಲ್ಲಿ ಈ ಜ್ವರದಿಂದ ಸತ್ತವರು 8 ಮಂದಿ ಮಾತ್ರ. 1855ರಲ್ಲಿ ಪ್ರಾಧ್ಯಾಪಕರಾದರು. ಪುಸ್ತಕ ಹೊರಬಂದಾಗ 1861. ಅಷ್ಟರಲ್ಲಿ ಮನಸ್ಸು ಕಹಿಯಾಗಿತ್ತು. ಒಪ್ಪದ ಪ್ರಾಧ್ಯಾಪಕರನ್ನು ಕೊಲೆಗಡುಕರೆಂದು ಬಹಿರಂಗ ಪತ್ರಗಳಲ್ಲಿ ಜರೆದರು. 1865ರಲ್ಲಿ ಅವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಎರಡು ವಾರಗಳಲ್ಲೇ, ಆಗಸ್ಟ್ 13ರಂದು, ಗಾಯವೊಂದು ನಂಜೇರಿ ತೀರಿಕೊಂಡರು. ಆಗ ಅವರಿಗೆ 47 ವರ್ಷ. ಎರಡು ವರ್ಷಗಳ ಬಳಿಕ ಜೋಸೆಫ್ ಲಿಸ್ಟರ್ ನಂಜುನಿರೋಧಕ ಶಸ್ತ್ರಚಿಕಿತ್ಸೆಯ ಲೇಖನಗಳನ್ನು ಪ್ರಕಟಿಸಿದರು.

ಈ ಬದುಕನ್ನು ತರಗತಿಗೆ ಒಯ್ಯುವವರು 1846ರ ಎರಡು ಸಾಲು ಅಂಕಿಗಳನ್ನು ಮೊದಲು ಕಪ್ಪುಹಲಗೆಯ ಮೇಲೆ ಬರೆಯಲಿ, ಉತ್ತರ ಹೇಳದಿರಲಿ. ವಿದ್ಯಾರ್ಥಿಗಳು ಕಾರಣಗಳನ್ನು ಊಹಿಸಲಿ, ಒಂದೊಂದನ್ನೇ ಹೊಡೆದುಹಾಕಲಿ, ಕೊನೆಗೆ ತಮ್ಮ ಕೈಗಳನ್ನೇ ನೋಡಿಕೊಳ್ಳುವಂತಾಗಲಿ. ಕೋವಿಡ್ ಕಾಲದಲ್ಲಿ ಆದೇಶಕ್ಕೆ ಮಣಿದು ರೂಢಿಸಿಕೊಂಡ ಅಭ್ಯಾಸ ಆದೇಶದೊಂದಿಗೇ ಸಡಿಲವಾಗಬಹುದು. ಕಾರಣ ತಾವೇ ಕಂಡುಕೊಂಡವರಿಗೆ ಆದೇಶ ಬೇಕಾಗುವುದಿಲ್ಲ. ಸೆಮ್ಮೆಲ್‌ವೈಸ್ ಅವರ ಅಂಕಿಗಳು ಸರಿಯಾಗಿದ್ದವು. ಕೇಳುವವರ ಮನಸ್ಸು ಮುಟ್ಟುವಂತೆ ಅವನ್ನು ತಿಳಿಸುವ ಕೆಲಸ ಬಾಕಿ ಉಳಿಯಿತು. ಅದು ಶಿಕ್ಷಕರ ಕೆಲಸ.