ಮೌತ್ ಆರ್ಗನ್ ಮಾಂತ್ರಿಕ ಲಿಟ್ಲ್ ವಾಲ್ಟರ್



ನಮ್ಮ ದೊಡ್ಡಮಳೂರಿನಲ್ಲಿ ಸಂಗೀತ ಅಂದ ಕೂಡಲೇ ನೆನಪಿಗೆ ಬರೋದು ಪುರಂದರದಾಸರು. ಅಪ್ರಮೇಯಸ್ವಾಮಿ ಗುಡಿಯ ಅಂಬೆಗಾಲು ಕೃಷ್ಣನನ್ನು ನೋಡಿ ಅವರು ಹಾಡಿದರೆಂಬ ಪ್ರತೀತಿ ನಿಮಗೆಲ್ಲಾ ಗೊತ್ತೇ ಇದೆ. ಈ ಸಲ ನಾನು ಬರೆಯುತ್ತಿರುವುದು ದೂರದ ಅಮೆರಿಕದ ಒಬ್ಬ ಕಲಾವಿದರ ಬಗ್ಗೆ. ಅವರ ವಾದ್ಯ ಮಾತ್ರ ನಾವೆಲ್ಲಾ ನೋಡಿರುವಂಥದ್ದೇ. ಅದೇ ಮೌತ್ ಆರ್ಗನ್.

ಲಿಟ್ಲ್ ವಾಲ್ಟರ್ ಅವರ ಪೂರ್ಣ ಹೆಸರು ಮೇರಿಯನ್ ವಾಲ್ಟರ್ ಜೇಕಬ್ಸ್. ಇವರು 1930ರ ಮೇ 1ರಂದು ಲೂಸಿಯಾನ ರಾಜ್ಯದ ಮಾರ್ಕ್ಸ್‌ವಿಲ್‌ನಲ್ಲಿ ಕಪ್ಪು ಜನಾಂಗದ ಕುಟುಂಬದಲ್ಲಿ ಜನಿಸಿದರು. ಸುಮಾರು 12ನೇ ವಯಸ್ಸಿಗೇ ಶಾಲೆ ಬಿಟ್ಟು ಊರೂರು ಅಲೆದರು. ಸಿಕ್ಕ ಕೂಲಿ ಮಾಡುತ್ತಾ, ಬೀದಿಯಲ್ಲಿ ನುಡಿಸುತ್ತಾ ಕೊನೆಗೆ ಶಿಕಾಗೋ ನಗರ ಸೇರಿದರು. ಅಲ್ಲಿನ ಮ್ಯಾಕ್ಸ್‌ವೆಲ್ ಬೀದಿಯ ಸಂತೆಯೇ ಅವರ ವೇದಿಕೆಯಾಯಿತು. ಆಮೇಲೆ ಪ್ರಸಿದ್ಧ ಗಾಯಕ ಮಡ್ಡಿ ವಾಟರ್ಸ್ ಅವರ ತಂಡಕ್ಕೆ ಸೇರಿದರು.

ಇವರು ನುಡಿಸುತ್ತಿದ್ದುದು ಬ್ಲೂಸ್ ಸಂಗೀತ. ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಕಷ್ಟ ಸುಖಗಳಿಂದ ಹುಟ್ಟಿದ ಹಾಡು ಅದು. ಅದಕ್ಕೆ ಬಳಸುವ ಮೌತ್ ಆರ್ಗನ್‌ಗೆ ಹತ್ತೇ ರಂಧ್ರ. ಒಂದೊಂದು ರಂಧ್ರದಲ್ಲೂ ಊದಿದ್ರೆ ಒಂದು ಸ್ವರ, ಉಸಿರು ಎಳೆದ್ರೆ ಇನ್ನೊಂದು. 4ನೇ ರಂಧ್ರ ಊದಿದಾಗ ಬರುವುದನ್ನು ಸ ಅಂತ ಹಿಡಿದರೆ ಶಂಕರಾಭರಣದ ಸ್ವರಗಳು ಸಿಗುತ್ತವೆ. ಇದು ಮೊದಲನೇ ಪೊಸಿಷನ್. 2ನೇ ರಂಧ್ರದಲ್ಲಿ ಎಳೆದಾಗ ಬರುವ ಪ ಸ್ವರವನ್ನೇ ಸ ಮಾಡಿಕೊಂಡರೆ ಎರಡನೇ ಪೊಸಿಷನ್; ಆಗ ಅದೇ ಸ್ವರಗಳು ಹರಿಕಾಂಭೋಜಿ ಆಗುತ್ತವೆ. ರಿ ಸ್ವರವನ್ನು ಸ ಮಾಡಿಕೊಂಡರೆ ಮೂರನೇ ಪೊಸಿಷನ್, ನಮ್ಮ ಖರಹರಪ್ರಿಯ. ಕರ್ನಾಟಕ ಸಂಗೀತದಲ್ಲಿ ಇದಕ್ಕೆ ಗ್ರಹಭೇದ ಅಂತಾರೆ.

ಬ್ಲೂಸ್‌ನವರಿಗೆ ಎರಡನೆಯದೇ ಅಚ್ಚುಮೆಚ್ಚು. ಯಾಕೆಂದರೆ ಅದರಲ್ಲಿ ಮುಖ್ಯವಾದ ಸ್ವರಗಳು ಉಸಿರು ಎಳೆಯುವ ಕಡೆ ಬೀಳುತ್ತವೆ. ಎಳೆಯುವಾಗ ನಾಲಿಗೆಯನ್ನು ಹಿಂದಕ್ಕೆ ಸರಿಸಿ ತಗ್ಗಿಸಿದರೆ ಸ್ವರ ಕೆಳಕ್ಕೆ ಜಾರಿ, ಯಾರೋ ಅತ್ತ ಹಾಗೆ ಕೇಳಿಸುತ್ತದೆ. ನನ್ನ ಹತ್ತಿರ ಇರೋದು ಎರಡು ಸಾಲಿನ ಮೌತ್ ಆರ್ಗನ್. ಅದರಲ್ಲಿ ಹೀಗೆ ಜಾರಿಸೋದು ಕಷ್ಟ. ಆದರೆ ಪ ಇಂದ ಶುರು ಮಾಡಿ ನುಡಿಸಿದಾಗ ರಾಗ ಬದಲಾಗಿದ್ದನ್ನು ನನ್ನ ಕಿವಿಯಾರೆ ಕೇಳಿದೆ.

ಗಿಟಾರ್, ಡ್ರಮ್‌ಗಳ ಸದ್ದಿನಲ್ಲಿ ಮೌತ್ ಆರ್ಗನ್ ಮುಳುಗಿಹೋಗುತ್ತಿತ್ತು. ವಾಲ್ಟರ್ ಮೈಕನ್ನೂ ವಾದ್ಯವನ್ನೂ ಎರಡು ಕೈಗಳ ಬೊಗಸೆಯಲ್ಲಿ ಒಟ್ಟಿಗೆ ಹಿಡಿದು ಆಂಪ್ಲಿಫೈಯರ್ ಮೂಲಕ ನುಡಿಸಿದರು. ದಪ್ಪನೆಯ, ಹೊಸ ಬಗೆಯ ನಾದ ಬಂತು. 1952ರ ಮೇ 12ರಂದು ಎರಡನೇ ಪೊಸಿಷನ್‌ನಲ್ಲಿ ನುಡಿಸಿ ಧ್ವನಿಮುದ್ರಿಸಿದ ಜ್ಯೂಕ್ ಎಂಬ ಕೃತಿ ಬಿಲ್‌ಬೋರ್ಡ್ ಪತ್ರಿಕೆಯ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 8 ವಾರ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಹಾಡೇ ಇಲ್ಲ, ಬರೀ ವಾದ್ಯ! ಆಗ ಅವರಿಗೆ 22 ವರ್ಷ.

ಆದರೆ ಇಷ್ಟು ಹೆಸರು ಬಂದರೂ ಕುಡಿತ ಮತ್ತು ಕೋಪವನ್ನು ಅವರು ಗೆಲ್ಲಲಿಲ್ಲ. ಒಂದು ಜಗಳದಲ್ಲಿ ಪೆಟ್ಟು ತಿಂದು 1968ರ ಫೆಬ್ರವರಿ 15ರಂದು ನಿದ್ದೆಯಲ್ಲೇ ತೀರಿಕೊಂಡರು. ಆಗಿನ್ನೂ 37 ವರ್ಷ. 1991ರವರೆಗೆ ಅವರ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. 2008ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಇದನ್ನು ಓದಿ ನನಗೆ ಬಹಳ ಬೇಜಾರಾಯಿತು. ಅವರ ಉಸಿರಿನ ಮೇಲೆ ಅವರಿಗಿದ್ದ ಹಿಡಿತ ಸಿಟ್ಟಿನ ಮೇಲೂ ಇದ್ದಿದ್ದರೆ ಇನ್ನೂ ಎಷ್ಟು ವರ್ಷ ನುಡಿಸುತ್ತಿದ್ದರೋ!

ಮೌತ್ ಆರ್ಗನ್ ಇಲ್ಲದವರು ನಿಮ್ಮೂರಿಗೆ ನಾಟಕ ಕಲಿಸಲು ಬರುವ ಹಾರ್ಮೋನಿಯಂ ಮೇಷ್ಟ್ರನ್ನು ಕೇಳಿ. ಶಂಕರಾಭರಣ ನುಡಿಸಿ, ಅದೇ ಸ್ವರಗಳನ್ನು ಪ ಇಂದ ಪ ವರೆಗೆ ನುಡಿಸಿ ತೋರಿಸ್ತಾರೆ. ಕೇಳಿ ನೋಡಿ, ಗೊತ್ತಾಗುತ್ತೆ.

— 9ನೇ ತರಗತಿ ವಿದ್ಯಾರ್ಥಿ