ಡೇರೆಯ ನೆರಳು ಕೊಟ್ಟ ಎಂಜಿನಿಯರ್

ಪಿಯುಸಿ ಮುಗಿದ ಮೇಲೆ ಏನು ಓದಲಿ ಎಂದು ಯೋಚಿಸುತ್ತಿರುವ ನನಗೆ ಬಹಳ ಹಿಡಿಸಿದ ಬದುಕು ಫಜ್ಲುರ್ ರಹಮಾನ್ ಖಾನ್ ಅವರದು. 1929ರಲ್ಲಿ ಹುಟ್ಟಿ ಢಾಕಾದಲ್ಲಿ ಬೆಳೆದ ಅವರು 1952ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದರು. ಮೂರೇ ವರ್ಷಗಳಲ್ಲಿ ಎರಡು ಸ್ನಾತಕೋತ್ತರ ಪದವಿ, ಜೊತೆಗೆ ಡಾಕ್ಟರೇಟ್ ಗಳಿಸಿದರು. 2009ರವರೆಗೆ ಸಿಯರ್ಸ್ ಟವರ್ ಎಂದು ಕರೆಯಲಾಗುತ್ತಿದ್ದ ಶಿಕಾಗೋದ 110 ಮಹಡಿಗಳ ಕಟ್ಟಡ ಗಾಳಿಗೆ ಜಗ್ಗದೆ ನಿಂತಿರುವುದು ಅವರ ಲೆಕ್ಕಾಚಾರದಿಂದ.

ಆದರೆ ನನಗೆ ಹೆಚ್ಚು ಇಷ್ಟವಾದದ್ದು ಜಿದ್ದಾದ ಹಜ್ ಟರ್ಮಿನಲ್. ಸುಡುಬಿಸಿಲಿನ ಊರಲ್ಲಿ ಸಾವಿರಾರು ಯಾತ್ರಿಕರು ಗಂಟೆಗಟ್ಟಲೆ ಕಾಯಬೇಕು. ಅವರಿಗೆ ನೆರಳು ಹೇಗೆ? ವಾಸ್ತುಶಿಲ್ಪಿ ಗಾರ್ಡನ್ ಬನ್‌ಶಾಫ್ಟ್ ಅವರೊಂದಿಗೆ ಖಾನ್ ಡೇರೆಯ ದಾರಿ ಹಿಡಿದರು. ಟೆಫ್ಲಾನ್ ಲೇಪಿಸಿದ ಗಾಜಿನ ನಾರಿನ ಬಟ್ಟೆ. 45 ಮೀಟರ್ ಚೌಕದ 210 ಡೇರೆಗಳು. ಉಕ್ಕಿನ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಅವನ್ನು ಎತ್ತಿ ಹಿಡಿದಿವೆ. ಬಿಳಿ ಬಟ್ಟೆ ಬಿಸಿಲನ್ನು ಹಿಂದೆ ಕಳಿಸುತ್ತದೆ, ಬಿಸಿಗಾಳಿ ತುದಿಯ ತೆರೆದ ಬಾಯಿಂದ ಹೊರಹೋಗುತ್ತದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಶಾಮಿಯಾನ, ಯಕ್ಷಗಾನದ ಟೆಂಟ್ ಕಟ್ಟುವವರಿಗೂ ಇದರ ಗುಟ್ಟು ಗೊತ್ತು: ಬಟ್ಟೆ ಭಾರ ಹೊರುವುದು ಬಿಗಿಯಾಗಿದ್ದರೆ ಮಾತ್ರ. ಹಗ್ಗ ಸಡಿಲಾದರೆ ಮಳೆನೀರು ನಿಂತು ಜೋಲುತ್ತದೆ, ಗಾಳಿಗೆ ಬಡಿದು ಹರಿಯುತ್ತದೆ. ಅದಕ್ಕೇ ಅಲ್ಲಿ ಬಟ್ಟೆಯನ್ನು ಎರಡು ದಿಕ್ಕಿಗೆ ಎದುರುಬದುರು ಬಾಗುವಂತೆ ಎಳೆದು ಕಟ್ಟಿದ್ದಾರೆ.

ಟರ್ಮಿನಲ್ 1981ರಲ್ಲಿ ಸಿದ್ಧವಾಯಿತು. ಮರುವರ್ಷ ಮಾರ್ಚ್ 27ರಂದು ಖಾನ್ ಜಿದ್ದಾದಲ್ಲೇ ತೀರಿಕೊಂಡರು. ವಯಸ್ಸು ಇನ್ನೂ 52. ಈ ಕಟ್ಟಡಕ್ಕೆ 1983ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ.

ಸಿವಿಲ್ ಎಂಜಿನಿಯರಿಂಗ್ ಎಂದರೆ ಬರೀ ಸಿಮೆಂಟು, ಜಲ್ಲಿ ಎನ್ನುವ ಗೆಳೆಯರಿಗೆ ನಾನೀಗ ಈ ಡೇರೆಗಳ ವಿಷಯ ಹೇಳುತ್ತೇನೆ. ನನ್ನ ಅರ್ಜಿಯಲ್ಲೂ ಅದೇ ವಿಭಾಗವನ್ನು ಮೊದಲು ಬರೆಯಲಿದ್ದೇನೆ.